ಕಾದ ಕಲ್ಲಿನ ಮೇಲಿನ ಕಾಲು

ಮೊನ್ನೆ ಮಧ್ಯಾಹ್ನ ನಮ್ಮ ಜೇವರ್ಗಿ ಮನೆಯ ಅಂಗಳದಲ್ಲಿ, ಶಾಬಾದಿ ಕಲ್ಲಿನ ಹಾಸಿನ ಮೇಲೆ ಹಳೆಯ ಸೀರೆ ಹರವಿ ಸಂಡಿಗೆ ಒಣಹಾಕಿದ್ದೆ. ಬರಿಗಾಲಲ್ಲಿ ಓಡಿಬಂದ ಮೊಮ್ಮಗಳು ಒಮ್ಮೆಲೇ ಚಂಗನೆ ಹಾರಿ ಸೀರೆಯ ನಟ್ಟನಡುವೆ ಕಾಲಿಟ್ಟಳು. ಬೆಳಗಿನಿಂದ ಕೂತು ಇಟ್ಟ ಸಂಡಿಗೆ ಅಪ್ಪಚ್ಚಿ. ನಾನು ಬಾಯಿ ತೆರೆಯುವ ಮೊದಲೇ, "ಕಲ್ಲು ಸುಡಾಕತ್ತಿತ್ತು ಆಯಿ, ನಾ ಏನ್ ಮಾಡ್ಲಿ?" ಎಂದಳು. ಬೈಯುವುದನ್ನು ಬಿಟ್ಟೆ. ಇದೇ ವಾದವನ್ನು ಹಿಂದೊಮ್ಮೆ ನನ್ನ ಪರವಾಗಿ ಒಬ್ಬರು ಹೂಡಿದ್ದರು, ಅದೂ ಇದೇ ಊರಲ್ಲಿ.

ನಾನು ಕರಜಗಿಯವಳು. ಎಂಬತ್ತರ ದಶಕದಲ್ಲಿ ಅಫಜಲಪುರದ ಹೈಸ್ಕೂಲಿನಲ್ಲಿ ಓದುವಾಗ ಸಾಫ್ಟ್‌ಬಾಲ್ ಆಡುತ್ತಿದ್ದೆ ಎಂದರೆ ನನ್ನ ಈಗಿನ ಮೈಕಟ್ಟು ಕಂಡವರು ನಗುತ್ತಾರೆ. ನೀವೂ ನಕ್ಕುಬಿಡಿ, ಆಮೇಲೆ ಮುಂದಿನದು ಕೇಳುವಿರಂತೆ. ನಾನು ಚೆಂಡೆಸೆಯುವ ಪಿಚರ್. ನೆಲದಲ್ಲಿ ಹೂಳಿದ ಪಟ್ಟಿಯ ಮೇಲೆ ನಿಂತು, ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಹಿಂಗಾಲು ಪಟ್ಟಿ ಬಿಟ್ಟು ಹಾರಿ, ಮುಂದೆ ಊರಿ, ಅಲ್ಲಿಂದ ಎಸೆದರೆ ಅದು ಇಲ್ಲೀಗಲ್ ಪಿಚ್. ಎದುರಿನ ತಂಡದ ಓಟಗಾರ್ತಿ ಪುಕ್ಕಟೆ ಒಂದು ಬೇಸ್ ಮುಂದೆ ಹೋಗುತ್ತಾಳೆ. ಮೂರು ಬೇಸ್ ದಾಟಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಆ ಪಟ್ಟಿ ರಬ್ಬರಿನದಿರಬೇಕು. ನಮ್ಮ ಕಡೆ ರಬ್ಬರ್ ಎಲ್ಲಿಂದ ತರಬೇಕು? ಶಾಬಾದಿ ಕಲ್ಲಿನ ತುಂಡನ್ನೇ ಹೂಳುತ್ತಿದ್ದರು. ನಮ್ಮ ಸೀಮೆಯಲ್ಲಿ ಕಲ್ಲಿಗೂ ಬರವಿಲ್ಲ, ಬಿಸಿಲಿಗೂ ಬರವಿಲ್ಲ. ಬೂಟಿಗೆ ಮಾತ್ರ ಇತ್ತು.

ಜೇವರ್ಗಿಯ ಮೈದಾನದಲ್ಲಿ ಆಳಂದದ ಹುಡುಗಿಯರ ಮೇಲೆ ನಮ್ಮ ಪಂದ್ಯ. ಗೆದ್ದವರು ವಿಭಾಗ ಮಟ್ಟಕ್ಕೆ. ನನ್ನಪ್ಪ ಬಸ್ ಹತ್ತಿಸುವಾಗಲೇ ಹೇಳಿದ್ದ: "ಗೆದ್ರ ಆಡು. ಸೋತ್ರ ಆಟ ಸಾಕು, ಮನಿ ಕೆಲಸ ಕಲಿ." ಹಾಗಾಗಿ ನನಗದು ಬರೀ ಪಂದ್ಯವಾಗಿರಲಿಲ್ಲ.

ಅಂಪೈರ್ ಇದೇ ಊರಿನ ಗುರುಬಾಯಿ ಟೀಚರ್. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತ ಸಣ್ಣ ಹೆಂಗಸು. ಅಂಥ ದೊಡ್ಡ ಪಂದ್ಯವನ್ನು ಹೆಣ್ಣುಮಗಳ ಕೈಗೆ ಕೊಟ್ಟಿದ್ದು ಅದೇ ಮೊದಲಂತೆ. ನೋಡಲು ಬಂದ ಗಂಡಸರಿಗೆ ಆಟಕ್ಕಿಂತ ಅವರೇ ತಮಾಷೆ. ಕೊನೆಯ ಸುತ್ತಿನಲ್ಲಿ ಎರಡೂ ತಂಡ ಸಮಸಮ. ಆಳಂದದ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿ ತುದಿಗಾಲಲ್ಲಿದ್ದಳು. ನಾನು ಎಸೆಯಲು ನಿಂತೆ. ಅಂಗಾಲು ಚುರ್ ಎಂದಿತು. ಕಾಲು ತಾನಾಗಿಯೇ ಹಾರಿತು, ಚೆಂಡು ಆಮೇಲೆ ಹೋಯಿತು. ಟೀಚರ್ ಎಡಗೈ ನೀಟಾಗಿ ಪಕ್ಕಕ್ಕೆ ಚಾಚಿದರು.

"ಇಲ್ಲೀಗಲ್ ಪಿಚ್!"

ಆಳಂದಕ್ಕೆ ಒಂದು ರನ್. ನಮ್ಮ ಮಾಸ್ತರರು ಪೆಂಡಾಲಿಗೆ ಓಡಿ ಪಂದ್ಯಗಳ ಉಸ್ತುವಾರಿ ನೋಡುತ್ತಿದ್ದ ಸೂಪರ್‌ವೈಸರ್ ಸಾಹೇಬರನ್ನು ಕರೆತಂದರು. ಒಳ್ಳೆಯ ಮನುಷ್ಯ. ಬಗ್ಗಿ ಕಲ್ಲು ಮುಟ್ಟಿ, ಕೈ ಹಿಂದೆಳೆದುಕೊಂಡರು.

"ಕಲ್ಲು ಕೆಂಡ ಆಗ್ಯಾದ ಟೀಚರ್. ಹುಡುಗಿ ಬೇಕಂತ ಹಾರಿಲ್ಲ. ಆ ರನ್ ವಾಪಸ್ ತಗೋರಿ."

"ಸರ್, ಕಾಯಿದೆ ತಪ್ಪು ಹಾಕಿದ್ರ ಹೇಳ್ರಿ, ಈಗ್ಲೇ ತಿದ್ಕೋತೇನಿ. ಕಾಲು ಹಾರಿದ್ದು ನನ್ನ ಕಣ್ಣಿಗೆ ಕಂಡದ. ಕಂಡಿಲ್ಲ ಅಂತ ಹ್ಯಾಂಗ ಅನ್ಲಿ?"

"ಇಷ್ಟು ಹಟ ಛಲೋ ಅಲ್ಲ. ಮುಂದ ನಿಮ್ಮನ್ನ ಕರೀಬೇಕೋ ಬ್ಯಾಡೋ ನೋಡ್ಬೇಕಾಗ್ತದ."

"ಅದು ನಿಮ್ಮ ಕೈಯಾಗಿಂದು ಬಿಡ್ರಿ. ಇದು ನಂದು."

ಟೀಚರ್ ಸೊಂಟದ ಸೆರಗನ್ನು ಇನ್ನೊಮ್ಮೆ ಬಿಗಿದರು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಪೆಂಡಾಲಿಗೆ ಮರಳಿದರು. ಟೀಚರ್ ಕುಡಿಯುವ ನೀರಿನ ಕೊಡವನ್ನು ತಾವೇ ಎತ್ತಿ ತಂದು ಕಲ್ಲಿನ ಮೇಲೆ ಸುರಿದರು. ಆವಿ ಎದ್ದಿತು.

"ಕಾಲು ಸುಟ್ಟಿದ್ದು ಖರೇ ಅದ ಅವ್ವಾ, ಕಾಲು ಹಾರಿದ್ದೂ ಖರೇ ಅದ. ಕಲ್ಲು ಮೊದ್ಲೇ ತಣ್ಣಗ ಮಾಡ್ಬೇಕಿತ್ತು, ಅದು ನನ್ನ ತಪ್ಪು. ಈಗ ಇಡು."

ಇಟ್ಟೆ. ಚೆನ್ನಾಗಿಯೇ ಎಸೆದೆ. ಆದರೆ ಅದೊಂದು ರನ್ನಿನಿಂದ ಸೋತೆವು, ಅಪ್ಪ ಮಾತು ಉಳಿಸಿಕೊಂಡ. ಮತ್ತೆ ನಾನು ಚೆಂಡು ಹಿಡಿಯಲಿಲ್ಲ. ರೊಟ್ಟಿ ಬಡಿಯುತ್ತ ಎಷ್ಟೋ ಸಲ ಆ ಹೆಂಗಸನ್ನು ಶಪಿಸಿದ್ದೇನೆ. ರೊಟ್ಟಿ ದುಂಡಗೆ ಬಾರದ್ದಕ್ಕೂ ಅವರೇ ಕಾರಣ ಎಂಬಷ್ಟು ಸಿಟ್ಟು.

ಮದುವೆಯಾಗಿ ಇದೇ ಜೇವರ್ಗಿಗೆ ಬಂದೆ. ಒಂದು ದಿನ ಸಂತೆಯಲ್ಲಿ ಟೀಚರ್ ಸಿಕ್ಕರು, ನೋಡಿದೊಡನೆ ಗುರುತು ಹಿಡಿದರು. ಅವರನ್ನು ಮತ್ತಾವ ಪಂದ್ಯಕ್ಕೂ ಕರೆದಿರಲಿಲ್ಲ. ಅದನ್ನವರು ಬದನೆಕಾಯಿ ಆರಿಸುತ್ತಲೇ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಅವತ್ತೊಂದು ಬಿಟ್ಟಿದ್ರ ಏನಾಗ್ತಿತ್ರಿ? ನಂದೂ ಉಳೀತಿತ್ತು, ನಿಮ್ಮದೂ ಉಳೀತಿತ್ತು."

ಅವರು ಬದನೆಕಾಯಿ ಕೆಳಗಿಟ್ಟರು. "ಆಳಂದದ ಪಿಚರ್ ಹುಡುಗೀನೂ ಅದೇ ಕಲ್ಲಿನ ಮ್ಯಾಲೆ, ಬರಿಗಾಲಿಲೇ ನಿಂತು ಚೆಂಡು ಒಗದಿದ್ಳಲ್ಲವ್ವಾ. ಆಕಿ ಹಾರಿರಲಿಲ್ಲ."

ಅಷ್ಟು ವರ್ಷಗಳಲ್ಲಿ ಆ ಹುಡುಗಿಯ ಅಂಗಾಲು ಒಮ್ಮೆಯೂ ನನ್ನ ನೆನಪಿಗೆ ಬಂದಿರಲಿಲ್ಲ. ಅವರು ಕೆಳಗಿಟ್ಟ ಬದನೆಕಾಯಿ ಎತ್ತಿ ಅವರ ಚೀಲಕ್ಕೆ ಹಾಕಿದೆ. ಅಳು ಬಂತು. ಟೀಚರ್ ಈಗಿಲ್ಲ, ಮೈದಾನದಲ್ಲಿ ಮನೆಗಳೆದ್ದಿವೆ.

ಮೊಮ್ಮಗಳು ಇನ್ನೂ ನನ್ನ ಮುಖ ನೋಡುತ್ತಿದ್ದಳು, ಬೈಗುಳವೋ ಮುದ್ದೋ ಎಂದು.

"ಕಲ್ಲು ಸುಟ್ಟಿದ್ದು ಖರೇ ಬೇ," ಎಂದೆ. "ಸಂಡಗಿ ತುಳದಿದ್ದೂ ಖರೇ. ನೀರು ನಾ ಹಾಕ್ತೇನಿ. ಹೊಸಾ ಸಂಡಗಿ ನೀ ಇಡು."

ಗೊಣಗಿದಳು. ನಾನು ಒಳಗಿಂದ ಕೊಡ ತಂದು ಸೀರೆಯ ಅಂಚಿನ ಕಲ್ಲಿಗೆ ನೀರು ಸುರಿದೆ. ಅವಳು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಎರಡೂ ಕಾಲು ಊರಿ ಕೂತಳು.