ಮಡಿಲು ಸೇರಿದ ಹಳದಿ ಟೋಪಿ

“ನಾನೇ ಹೆಣೆದದ್ದು ಮಾರಾಯ್ತಿ” ಎನ್ನುತ್ತಾ ನನ್ನ ಮಗಳ ಕ್ರಾಫ್ಟ್ ಟೀಚರ್ ಬಸುರಿಯ ಮಡಿಲಿಗೆ ಮಗುವಿನ ಉಲ್ಲನ್ ಟೋಪಿ ಇಟ್ಟಾಗ ನನ್ನ ಮೈಯೆಲ್ಲ ಉರಿಯಿತು. ಮೂಡುಬಿದಿರೆಯಲ್ಲಿ ನಮ್ಮ ನೆರೆಮನೆಯ ಸೀಮಂತ ಅದು. ಹಳದಿ ಉಲ್ಲನ್ ಸಾಲದೆ ಅಂಚಿಗೆ ಹಸಿರು ಸೇರಿಸಿ, ದಸರಾ ರಜೆಯಿಡೀ ಕೂತು ಆ ಟೋಪಿ ಹೆಣೆದವಳು ಏಳನೇ ಕ್ಲಾಸಿನ ನನ್ನ ಮಗಳು. “ಹೆಣಿಗೆ ಸಮ ಇಲ್ಲ” ಎಂದು ಅಂಕ ಕಡಿಮೆ ಕೊಟ್ಟು, ಟೋಪಿಯನ್ನು ಶಾಲೆಯ ಕಪಾಟಿನಲ್ಲಿ ಇಟ್ಟುಕೊಂಡವರು ಇದೇ ಟೀಚರ್.

ಬಸುರಿಯ ಮನಸ್ಸು ನೋಯಿಸಬಾರದೆಂದು ಅಲ್ಲಿ ಬಾಯಿ ಮುಚ್ಚಿಕೊಂಡೆ. ಊಟವಾಗಿ ಕೈ ತೊಳೆಯುವಲ್ಲಿ ಟೀಚರನ್ನು ಕೇಳಿದರೆ, “ಶಾಲೆಯಲ್ಲಿ ಇಟ್ಟರೆ ಗೆದ್ದಲು ತಿನ್ತದೆ ಅಲ್ವಾ?” ಎಂದು ನಕ್ಕರು.

ಇಷ್ಟು ವರ್ಷವಾದರೂ ಆ ನಗು ನೆನೆದರೆ ರಕ್ತ ಕುದಿಯುತ್ತದೆ. ಮಗಳು ಮತ್ತೆ ಹೆಣಿಗೆಯ ಕಡ್ಡಿ ಹಿಡಿಯಲಿಲ್ಲ. ತನಗೆ ಹೆಣೆಯಲು ಬರುವುದಿಲ್ಲವೆಂದೇ ಅವಳು ನಂಬಿದ್ದಾಳೆ.