ಒಂದೇ ನಂಬರಿನ ವರ್ತುಲ

...ಇಲ್ಲ, ಆ ವರ್ತುಲ ಕೆಂಪಗಿರಲಿಲ್ಲವೇನೋ. ನೆನಪಿನಲ್ಲಿ ಅದು ಕೆಂಪಗೇ ಇದೆ, ತೆರೆಯ ನಡುವೆ ಬಾವಿನಂತೆ ಊದಿಕೊಂಡಿದೆ. ಆದರೆ ಬೈಲಹೊಂಗಲದ ಆ ಕಂಪ್ಯೂಟರ್ ಕ್ಲಾಸಿನ ಮಾನಿಟರ್ ಬಣ್ಣದ್ದಾಗಿತ್ತೇ ಎಂಬುದೇ ಖಚಿತವಿಲ್ಲ. ಎರಡು ಸಾವಿರದ ಆಸುಪಾಸು. ಬಣ್ಣವನ್ನು ನಾನು ಆಮೇಲೆ ಬಳಿದಿರಬಹುದು.

ಇಷ್ಟು ನಿಜ. ಹೊಲಗಳಿಂದ ನೀರೆತ್ತುವ ಮೋಟಾರುಗಳು ಕಳುವಾಗುತ್ತಿದ್ದವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆಯ ತನಿಖೆ ಒಬ್ಬ ಪೊಲೀಸ್ ಸಾಹೇಬರ ಕೈಗೆ ಬಂದಿತ್ತು. ಒಂದೊಂದು ಠಾಣೆಯವರು ತಮ್ಮದೇ ನಕ್ಷೆ ಮಾಡಿಕೊಂಡಿದ್ದರು: ಮನುಷ್ಯನಿಗೊಂದು ವರ್ತುಲ, ಗಾಡಿಗೊಂದು ವರ್ತುಲ, ಯಾರಿಗೆ ಯಾರ ಪರಿಚಯ, ಯಾರು ಯಾವ ಗಾಡಿಯಲ್ಲಿ ಕಂಡರು ಎಂಬುದಕ್ಕೆ ನಡುವೆ ಗೆರೆ. ಆ ನಾಲ್ಕನ್ನೂ ಕೂಡಿಸಿ ಒಂದೇ ಜಾಲವಾಗಿ ತೋರಿಸುವ ಪ್ರೋಗ್ರಾಮ್ ಬರೆಯುವ ಕೆಲಸ, ಆ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ನನಗೆ ಬಂತು.

ಹೆಸರನ್ನು ನಂಬುವ ಹಾಗಿರಲಿಲ್ಲ. ಒಬ್ಬನೇ ಮನುಷ್ಯ ಒಂದು ಕಡೆ ಊರಿನ ಹೆಸರಿನಿಂದ, ಇನ್ನೊಂದು ಕಡೆ ಕಸುಬಿನ ಹೆಸರಿನಿಂದ ಗುರುತಾಗುತ್ತಿದ್ದ. ಹಾಗಾಗಿ ಫೋನ್ ನಂಬರ್ ಒಂದೇ ಇದ್ದರೆ ಮನುಷ್ಯನೂ ಒಬ್ಬನೇ ಎಂದು ಇಟ್ಟುಕೊಂಡೆವು. ಇದು ಯಾರ ತಲೆಯಿಂದ ಬಂತು, ಸಾಹೇಬರದೋ ನನ್ನದೋ? ನೆನೆದಾಗಲೆಲ್ಲ ಉತ್ತರ ಬದಲಾಗುತ್ತದೆ.

ಒಂದು ಮಧ್ಯಾಹ್ನ ನಾಲ್ಕು ಕಡೆಯ ಫ್ಲಾಪಿಗಳನ್ನೂ ಓದಿಸಿ ಗುಂಡಿ ಒತ್ತಿದೆ. ಚಿಕ್ಕ ವರ್ತುಲಗಳು ಒಂದರೊಳಗೊಂದು ಮುಳುಗಿ ನಡುವೆ ಒಂದು ದಪ್ಪ ವರ್ತುಲ ಉಳಿಯಿತು. ಕಿತ್ತೂರಿನ ಲಾರಿ ಕ್ಲೀನರ್, ರಾಮದುರ್ಗದ ಮೋಟಾರು ರಿಪೇರಿಯವ, ಬೈಲಹೊಂಗಲ ಮಾರ್ಕೆಟ್ಟಿನ ಹಮಾಲ, ಸವದತ್ತಿಯ ಗುಜರಿಯವ, ಎಲ್ಲರೂ ಅದರೊಳಗೆ ಒಬ್ಬನೇ ಆಗಿ ಕೂತಿದ್ದರು. ನಂಬರ್ ಸಿರಸಂಗಿಯ ಒಬ್ಬ ದರ್ಜಿಯದು.

"ಸಿಕ್ಕ ನೋಡ್ರಿ ಮಗಾ!" ಎಂದರು ಸಾಹೇಬರು. "ನಾಲ್ಕು ಊರಾಗ ನಾಲ್ಕು ವೇಷ ಹಾಕ್ಯಾನ. ಸಂಜೀಕ ಜೀಪ್ ಕಳಸ್ತೇನಿ."

ಆ ನಂಬರ್ ನನಗೆ ಬಾಯಿಪಾಠ. ಸಿರಸಂಗಿ ನನ್ನ ತಾಯಿಯ ತವರು. ಅಜ್ಜಿಯ ಜೊತೆ ಮಾತಾಡಬೇಕೆಂದರೆ ನಾವು ತಿರುಗಿಸುತ್ತಿದ್ದದ್ದು ಅದನ್ನೇ. ಓಣಿಯಲ್ಲಿ ಫೋನ್ ಇದ್ದದ್ದು ದರ್ಜಿ ಚಾಚಾನ ಅಂಗಡಿಯಲ್ಲಿ ಮಾತ್ರ. ಅಲ್ಲಿಂದ ಹೊರಗೆ ದುಡಿಯಲು ಹೋದವರೆಲ್ಲ, ಮನೆಯ ನಂಬರ್ ಕೇಳಿದರೆ, ಅದನ್ನೇ ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಸುತ್ತಿದ್ದರು. ಅಂದರೆ, ಫೋನ್ ನಮ್ಮದಲ್ಲ, ಆದರೆ ಕರೆದು ಕೊಡುತ್ತಾರೆ. ಫ್ಲಾಪಿಗೆ ಏರಿಸಿದವರು, ಅಂಕಿಯ ಜಾಗದಲ್ಲಿ ಅಕ್ಷರ ಹಿಡಿಯುವುದಿಲ್ಲವೆಂದು, ಅದನ್ನು ಬಿಟ್ಟಿದ್ದರು.

ಜೀಪು ಒಮ್ಮೆ ಆ ಅಂಗಡಿಯ ಮುಂದೆ ನಿಂತರೆ ಮುಗಿಯಿತು. ಚಾಚಾ ಮರುದಿನವೇ ವಾಪಸ್ ಬಂದರೂ ಅವನ ಕೈಗೆ ಯಾರೂ ಬಟ್ಟೆ ಕೊಡುತ್ತಿರಲಿಲ್ಲ.

"ಸಾಹೇಬ್ರ, ಇದು ಪಿ.ಪಿ. ನಂಬರ್ ಐತ್ರಿ. ಅವರೆಲ್ಲಾ ಬ್ಯಾರೆ ಬ್ಯಾರೆ ಮಂದಿ."

"ಮೇಡಂ, ನಿಮ್ಮ ಮಷಿನ್ ಒಬ್ಬಾಂವ ಅಂತೈತಿ, ನೀವು ಬ್ಯಾರೆ ಅಂತೀರಿ. ಯಾರ ಮಾತ ಕೇಳ್ಲಿ?"

ನಾನು ಹೊಸದೊಂದು ವರ್ತುಲ ಬರೆದೆ: ಅಜ್ಜಿಯ ಹೆಸರು, ಅದೇ ನಂಬರ್. ಮತ್ತೆ ಗುಂಡಿ ಒತ್ತಿದೆ. ಅಜ್ಜಿ ಸೀದಾ ದಪ್ಪ ವರ್ತುಲದೊಳಗೆ ಹೋಗಿ, ಲಾರಿಗೂ ಗುಜರಿಗೂ ಗೆರೆ ಎಳೆದುಕೊಂಡು ಕೂತಳು.

"ಇವರ್ಯಾರ್ರಿ?"

"ನಮ್ಮ ಅಜ್ಜಿ ರೀ. ಮೊಣಕಾಲ ಬ್ಯಾನಿ, ಕಟ್ಟಿ ಇಳಿಯಾಕ ಆಗೂದಿಲ್ಲ. ಮೋಟಾರ್ ಹೆಂಗ ಎತ್ತಿದಳೋ ನೀವಽ ಕೇಳ್ರಿ."

ಸಾಹೇಬರು ನಕ್ಕರು. ನಕ್ಕರೆಂದು ಹೇಳಿದರೆ ಕಥೆ ಚೆನ್ನಾಗುತ್ತದೆ, ಅದಕ್ಕೇ ಆ ನಗುವಿನ ಮೇಲೆ ನನಗೆ ನಂಬಿಕೆಯಿಲ್ಲ. ಅವರು ತಾವೇ ಆ ನಂಬರ್ ತಿರುಗಿಸಿ, ರಿಸೀವರನ್ನು ನನಗೂ ಕೇಳುವಂತೆ ಹಿಡಿದದ್ದು ಮಾತ್ರ ನಿಜ. ಹಮಾಲ ಬೇಕು ಎಂದರು.

"ಅಂವಾ ಬೈಲಹೊಂಗಲದಾಗ ಅದಾನ್ರಿ," ಎಂದಿತು ಚಾಚಾನ ದನಿ. "ಅವರವ್ವನ್ನ ಕರೀಲೇನು? ಲೈನ್ ಹಿಡೀರಿ, ಜರಾ ತಡಾ ಆಕೈತಿ."

ಬೇಡ, ಗುಜರಿಯವ ಬೇಕು ಎಂದರು ಸಾಹೇಬರು.

"ಅವನ ಮನಿ ಹಿಂದಿನ ಓಣ್ಯಾಗ್ರಿ. ಏನ್ರಿ ನೀವು, ಊರಿಗೂರಽ ಕರಸವ್ರೇನು? ನಾ ಬಟ್ಟಿ ಹೊಲೀಲ್ಯೊ, ಡಂಗುರ ಹೊಡೀಲ್ಯೊ?"

ಸಾಹೇಬರು ರಿಸೀವರ್ ಇಟ್ಟರು. ಅಂದು ಜೀಪು ಹೋಗಲಿಲ್ಲ. ನಾನು ವರ್ತುಲವನ್ನು ಬಿಡಿಸತೊಡಗಿದೆ. ಕ್ಲೀನರ್ ಕಿತ್ತೂರಿಗೆ ಹೋದ, ಹಮಾಲ ಮಾರ್ಕೆಟ್ಟಿಗೆ ಹೋದ, ಅಜ್ಜಿಯನ್ನು ಅಳಿಸಿದೆ. ಆದರೂ ಒಂದು ಗೆರೆ ಫೋನನ್ನು ಬಿಡಲೊಲ್ಲದು. ಒಂದು ಮೋಟಾರು ಕಳುವಾದ ಮರುದಿನ ಬೆಳಿಗ್ಗೆ ಸವದತ್ತಿ ಬಸ್‌ಸ್ಟ್ಯಾಂಡಿನ ಬೂತಿನಿಂದ ಆ ಅಂಗಡಿಗೆ ಕರೆ ಹೋಗಿತ್ತೆಂದು ಸವದತ್ತಿಯವರು ತಮ್ಮ ನಕ್ಷೆಯಲ್ಲಿ ಗುರುತು ಮಾಡಿದ್ದರು.

"ಇದಕ್ಕೇನಂತೀರಿ?"

"ಯಾರನ್ನೋ ಕರಸಿರಬೇಕ್ರಿ."

"'ಇರಬೇಕು' ಅನ್ನೂದನ್ನ ಹೆಂಗ ತೋರಸ್ತೀರಿ ಇದರಾಗ?"

ಅದಕ್ಕೆ ನನ್ನ ಪ್ರೋಗ್ರಾಮಿನಲ್ಲಿ ದಾರಿಯಿರಲಿಲ್ಲ. ಕರೆ ಯಾರಿಗೆ ಬಂದಿತ್ತೋ ಅವರ ಜಾಗದಲ್ಲಿ ಹೆಸರಿಲ್ಲದ ಒಂದು ಖಾಲಿ ವರ್ತುಲ ಬರೆದು ಗೆರೆಯನ್ನು ಅದಕ್ಕೆ ಕಟ್ಟಿದೆ. ಸಾಹೇಬರು ಅದನ್ನು ಫ್ಲಾಪಿಗೆ ಹಾಕಿಸಿಕೊಂಡು ಹೋದರು.

ಅದಾದ ಮೇಲೆ ಸಿರಸಂಗಿಗೆ ಹೋದಾಗ ಚಾಚಾನ ಹತ್ತಿರ ಕುಪ್ಪಸ ಹೊಲಿಸಿಕೊಂಡೆ. ಫೋನಿನ ಮೇಲೆ ಒಂದು ತುಂಡು ಬಟ್ಟೆ ಹೊದಿಸಿದ್ದ. ಹೊಲಿಗೆಯ ದುಡ್ಡು ಕೊಟ್ಟು ಹೊರಟುಬಂದೆ, ಅಷ್ಟೇ. ಬೂತಿನ ಕರೆ ಬಂದ ಆ ಬೆಳಿಗ್ಗೆ ಅವನು ಯಾರನ್ನಾದರೂ ಕೂಗಿ ಕರೆದನೋ, ಅಥವಾ ಕರೆ ಅವನಿಗೇ ಬಂದಿತ್ತೋ, ನಾನು ಉಳಿಸಿದ್ದು ಯಾರನ್ನೋ, ನನಗೆ ಗೊತ್ತಿಲ್ಲ.