ಕಣ್ಣು ಬರೆಯದ ಪುಟಗಳು

ಆ ದಿನ ಬೆಳಿಗ್ಗೆ ನನ್ನ ಗಂಡ ಬೀರೂರಿನ ನಮ್ಮ ಮನೆಯ ಹಜಾರದ ತುಂಬ ಕಾಮಿಕ್ಸಿನ ಕೊನೆಯ ಪುಟಗಳನ್ನು ಹರಡಿಕೊಂಡು, ಶಾಯಿ ಒಣಗಲೆಂದು ಫ್ಯಾನ್ ಹಾಕಿ, ಅವಲಕ್ಕಿ ತಿನ್ನುತ್ತಿದ್ದರು. ಹಾಳೆ ಹಾರದಂತೆ ಇಟ್ಟಿದ್ದ ಪೇಂಟ್ ಡಬ್ಬಿಗಳನ್ನು ದಾಟಿಕೊಂಡು ನಾನು ಒಳಗೆ ಹೊರಗೆ ಓಡಾಡುತ್ತಿದ್ದೆ.

"ತುಳೀಬೇಡ್ವೇ, ಅಜ್ಜಿ ಕಾಲು ಮುರೀತದೆ."

"ಕಣ್ಣೇ ಇಲ್ದಿರೋ ಅಜ್ಜಿ ಕಾಲು ಕಟ್ಕೊಂಡು ಏನ್ ಮಾಡ್ತಾಳ್ರೀ?"

"ತರೀಕೆರೆಯಿಂದ ಬಂದು ಬರೀತೀನಿ ತಡಿ."

"ಎಮ್ಮೆ ಸಿಕ್ತದೋ ಇಲ್ವೋ, ಅದನ್ನಾದ್ರೂ ಹೇಳಿ ಹೋಗಿ."

"ಕಣ್ಣು ಬರೆದ್ಮೇಲೆ ನಿಂಗೇ ಗೊತ್ತಾಗ್ತದೆ ಕಣೇ."

ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹೆಸರು, ಹೂಬಳ್ಳಿ, ಕೆಟ್ಟ ಕಣ್ಣು ತಾಗದಿರಲೆಂದು ದೃಷ್ಟಿಮುಖ ಬರೆಯುವುದು ಅವರ ಕಸುಬು. ದೃಷ್ಟಿಮುಖಕ್ಕೆ ಕಣ್ಣು ಕೊನೆಗೆ. ಗಾಡಿಯ ಯಜಮಾನ ಕಾಯಿ ಒಡೆದ ಮೇಲೆಯೇ ಅದಕ್ಕೆ ಕುಂಚ ಮುಟ್ಟಿಸುತ್ತಿದ್ದರು. ಮೊದಲೇ ಬರೆದರೆ ಅದು ಬರೆಯುವವನನ್ನೇ ನೋಡುತ್ತಾ ಕೂರುತ್ತದೆ ಅನ್ನುತ್ತಿದ್ದರು. ಸ್ವಂತಕ್ಕೆ ಬರೆದ ಕಾಮಿಕ್ಸಿನಲ್ಲೂ ಇದೇ ಪದ್ಧತಿ ನಡೆಸಿದರು.

ಬುಕ್ಕಾಂಬುಧಿ ಕೆರೆ ಏರಿಯ ಮೇಲೆ, ಕಳೆದುಹೋದ ಎಮ್ಮೆಯನ್ನು ಹುಡುಕುತ್ತಾ ಕಂಡಕಂಡವರನ್ನು ಬೈಯುವ ಅಜ್ಜಿಯ ಕಥೆ ಅದು. ನಗಿಸಲೆಂದೇ ಬರೆದದ್ದು. ವಾರಕ್ಕೊಂದು ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಅವರ ಆನ್‌ಲೈನ್ ಪೇಜಿಗೆ ಹಾಕುವುದು ನನ್ನ ಕೆಲಸವಾಗಿತ್ತು.

ಸಂಜೆ ಮೈದುನ ಫೋನ್ ಮಾಡಿದ. ತರೀಕೆರೆಯಲ್ಲಿ ಅಂಗಡಿ ಗೋಡೆ ಬರೆಯುತ್ತಿದ್ದವರು ಎದೆನೋವೆಂದು ನೆರಳಿಗೆ ಕೂತರಂತೆ. ಮತ್ತೆ ಏಳಲಿಲ್ಲ.

ತಿಥಿ ಮುಗಿದ ಮೇಲೆ ಪೇಜ್ ತೆರೆದೆ. "ಅಜ್ಜಿ ಎಲ್ಲೋದ್ಲು ಅಣ್ಣಾ?" ಎಂದು ಓದುವವರು ಕೇಳುತ್ತಿದ್ದರು. ಅವರ ಅಣ್ಣ ಇನ್ನಿಲ್ಲ ಎಂದು ಬರೆಯಲು ಕೈ ಏಳಲಿಲ್ಲ. ನನ್ನ ಗಂಡ ಬಿಟ್ಟುಹೋದ ಪುಟಗಳಲ್ಲಿ ಮೊದಲನೆಯದನ್ನು ಹಾಗೆಯೇ ಹಾಕಿಬಿಟ್ಟೆ. ಮುಖಗಳಿಗೆ ಮೂಗಿತ್ತು, ಬಾಯಿತ್ತು. ಕಣ್ಣಿನ ಜಾಗ ಬೆಳ್ಳಗಿತ್ತು.

"ಕಣ್ಣು ತೆಗೆದಿದ್ದು ಸಖತ್ ಅಣ್ಣಾ, ಮೈ ಜುಂ ಅಂತು" ಎಂದೊಬ್ಬ. "ಅಜ್ಜಿ ಯಾವಾಗ್ಲೋ ಸತ್ತಿದಾಳೆ ಕಣ್ರೋ, ಅವಳಿಗೇ ಗೊತ್ತಿಲ್ಲ" ಎಂದು ಇನ್ನೊಬ್ಬ. ಅಜ್ಜಂಪುರದ ಕಡೆಯವರೊಬ್ಬರು, ಹೊತ್ತು ಮುಳುಗಿದ ಮೇಲೆ ಏರಿಯ ದಾರಿಗೆ ಹೋಗುವುದನ್ನೇ ಬಿಟ್ಟೆ ಎಂದು ಬರೆದರು. ಹಿಂದಿನ ಪುಟಗಳಿಗೆ ಬಂದುದಕ್ಕಿಂತ ಹೆಚ್ಚು ಜನ ಬರತೊಡಗಿದರು. ಅದು ಹಾಗಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಬರಬರುತ್ತಾ ನನಗೂ ಅದು ಹಾಗೆಯೇ ಕಾಣತೊಡಗಿತು. ಪುಟಗಳನ್ನು ಸಾಲಾಗಿ ಜೋಡಿಸಿ ನೋಡಿದೆ. ಪ್ರತಿ ಚೌಕದಲ್ಲೂ ಕೆರೆಯ ನೀರು ಅಜ್ಜಿಯ ಕಾಲಿಗೆ ಇನ್ನಷ್ಟು ಹತ್ತಿರ ಬಂದಿತ್ತು. ಅವರು ಪಕ್ಕದಲ್ಲೇ ಕೂತು ಬರೆಯುತ್ತಿದ್ದಾಗ ನಾನಿದನ್ನು ಗಮನಿಸಿರಲಿಲ್ಲ.

ಕೊನೆಯ ಪುಟ ಮಾತ್ರ ಉಳಿದಾಗ, ಅದಕ್ಕಾದರೂ ಕಣ್ಣು ಬರೆಸೋಣವೆಂದು ಕಡೂರಿಗೆ ತೆಗೆದುಕೊಂಡು ಹೋದೆ. ಅಲ್ಲಿ ಮೈದುನನದು ಸ್ಟಿಕ್ಕರ್ ಅಂಗಡಿ.

"ಎರಡು ಚುಕ್ಕೆ ಇಟ್ರೆ ಮುಗೀತು ಅತ್ತಿಗೆ, ತಲೆ ಕೆಡಿಸ್ಕಬೇಡಿ" ಎಂದ.

"ಎಲ್ಲಿಗೆ ಇಡ್ತೀಯಪ್ಪಾ?"

"ಕಣ್ಣಿರೋ ಜಾಗಕ್ಕೆ. ಮೂಗಿನ ಮೇಲೆ ಇಡ್ತಾರಾ?"

ಪುಟವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಎರಡು ಚುಕ್ಕೆ ಇಟ್ಟು ಎಡಕ್ಕೆ ಸರಿಸಿದ. ಅಜ್ಜಿ ರಸ್ತೆಯ ಕಡೆ ನೋಡಿದಳು, ಮನೆಗೆ ಹೊರಟವಳ ಹಾಗೆ. ಬಲಕ್ಕೆ ಸರಿಸಿದ. ನೀರಿಗೆ ಇಳಿಯುವವಳ ಹಾಗಾದಳು. ನಡುವೆ ಇಟ್ಟ ಕೂಡಲೇ ನಮ್ಮಿಬ್ಬರನ್ನೂ ನೋಡಿದಳು. ಅವನು ಮೌಸ್ ಬಿಟ್ಟು ಕುರ್ಚಿ ಹಿಂದಕ್ಕೆ ಸರಿಸಿದ.

"ಅಣ್ಣ ನಿಮಗೂ ಹೇಳ್ಲಿಲ್ವಾ?"

"ಇಲ್ಲ."

ಚುಕ್ಕೆ ಅಳಿಸು ಎಂದೆ. ಊಹೆಯ ಮೇಲೆ ಕಣ್ಣಿಟ್ಟರೆ ಕಥೆ ನನ್ನದಾಗುತ್ತಿತ್ತು. ನನಗೆ ಅವರದು ಬೇಕಿತ್ತು.

ಅವರು ಬಿಟ್ಟ ಹಾಗೆಯೇ ಆ ಪುಟವನ್ನೂ ಹಾಕಿದೆ. ಬರೆದವರು ತೀರಿಕೊಂಡಿದ್ದಾರೆ, ಕಥೆ ಇಲ್ಲಿಗೆ ಮುಗಿಯಿತು ಎಂದು ಕೆಳಗೆ ಬರೆದೆ. ಮೊದಲ ಉತ್ತರ ಕೂಡಲೇ ಬಂತು: "ಹಂಗಾದ್ರೆ ಇಷ್ಟು ದಿನ ಹಾಕ್ತಿದ್ದೋರು ಯಾರು ಗುರೂ? ಇದು ಇನ್ನೂ ಭಯ ಆಯ್ತು." ಅದನ್ನೂ ಕಥೆಯೆಂದೇ ತಿಳಿದಿದ್ದರು. ಆಮೇಲೆ ಬಂದವರೆಲ್ಲ ಎಮ್ಮೆ ಸಿಕ್ಕಿತಾ ಎಂದು ಕೇಳಿದರು. ಈಗಲೂ ಕೇಳುತ್ತಾರೆ.

ಅಜ್ಜಿ ಎತ್ತ ನೋಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿಲ್ಲ.